ರಂಶೀನಾ ಇಳಿದ ಮೇಲೆ

ಹಗಲಿಡೀ ಶಾಲೆಯಲ್ಲಿ ನಡೆದ ಹತ್ತನೇ ತರಗತಿ ಸಂಜೆ ದೇಲಂಪಾಡಿಗೆ ಹೋಗುವ ಬಸ್ಸಿನ ಕೊನೆಯ ಸೀಟಿನಲ್ಲಿ ಇನ್ನೊಂದು ಸಲ ನಡೆಯುತ್ತಿತ್ತು. ಶಾಲೆಯಲ್ಲಿ ಗಂಟೆ ಹೊಡೆದ ಮೇಲೆ ಒಂದು ಹೋಗಿ ಇನ್ನೊಂದು ಬರುವ ಪಾಠಗಳಿಗೆ ಬಸ್ಸಿನಲ್ಲಿ ಅಂಥ ಶಿಸ್ತು ಇರಲಿಲ್ಲ. ಸಮಾಜ ಪಾಠದ ಮಾನವತಾವಾದ ಅರ್ಧ ಆಗುವಾಗ ಜೀವಶಾಸ್ತ್ರದ ಕಣ್ಣುಗುಡ್ಡೆ ಬಂದು ಕೂರುತ್ತಿತ್ತು. ಹಿಂದಿ ಕವಿತೆಯ ಕೊನೆಯ ಸಾಲನ್ನು ತಿರುವಿನ ಬ್ರೇಕು ನುಂಗುತ್ತಿತ್ತು. ಯಾರದೋ ಮಡಿಲಿನಲ್ಲಿದ್ದ ಒಣಮೀನಿನ ತೊಟ್ಟೆಯ ವಾಸನೆ ರಸಾಯನಶಾಸ್ತ್ರಕ್ಕೆ ಸೇರಿಹೋಗುತ್ತಿತ್ತು.

"ಕನ್ಸೆಶನಿನವರು ಹಿಂದೆ, ಹಿಂದೆ! ಸೀಟು ಬೇರೆ ಬೇಕಾ ನಿಮಗೆ?" ಎಂದು ಕಂಡಕ್ಟರ್ ಹಸೈನಾರಿಚ್ಚ ದಿನಾ ಕೂಗುತ್ತಿದ್ದರು. ಹಾಗೆ ಕೂಗುವವರೇ, ಪೂರ್ತಿ ಟಿಕೆಟಿನ ದೊಡ್ಡವರು ಯಾರಾದರೂ ಹಿಂದಿನ ಉದ್ದ ಸೀಟಿನ ಕಡೆ ಹೋದರೆ, "ಅಲ್ಲಿ ಬೇಡ, ಅಲ್ಲಿ ಶಾಲೆ ಉಂಟು" ಎಂದು ತಡೆಯುತ್ತಿದ್ದರು.

ಆ ಶಾಲೆಯ ಏರ್ಪಾಡು ಹೀಗಿತ್ತು. ಎಲ್ಲ ಪಾಠವನ್ನೂ ಎಲ್ಲರೂ ಗಮನವಿಟ್ಟು ಕೇಳುವುದು ಮನುಷ್ಯರಿಂದ ಆಗುವ ಕೆಲಸವಲ್ಲ ಎಂದು ಜೂನ್ ತಿಂಗಳಲ್ಲೇ ತೀರ್ಮಾನವಾಗಿತ್ತು. ಆದ್ದರಿಂದ ಕಿವಿಗಳನ್ನು ಹಂಚಿಕೊಂಡಿದ್ದರು. ಕನ್ನಡ, ಹಿಂದಿ, ಸಮಾಜ ದೀಪ್ತಿಯ ಪಾಲಿಗೆ. ಭೌತ, ರಸಾಯನ, ಜೀವಶಾಸ್ತ್ರ ಭವಿತ್‌ನ ಪಾಲಿಗೆ. ಗಣಿತ ಮತ್ತು ಮಲಯಾಳ ರಂಶೀನಾಳ ಪಾಲಿಗೆ. ಇಂಗ್ಲಿಷು ದೇವರ ಪಾಲಿಗೆ. ತನ್ನ ಪಾಲಿನ ಪಾಠ ನಡೆಯುವಾಗ ಒಬ್ಬರು ಎರಡೂ ಕಿವಿ ತೆರೆದು ಕೂರಬೇಕು. ಉಳಿದವರು ಕಿಟಕಿಯ ಹೊರಗೆ ನೋಡಬಹುದು, ಕನಸು ಕಾಣಬಹುದು, ಭವಿತ್‌ನ ಹಾಗೆ ಬೆಂಚಿನ ಕೆಳಗೆ ಇಲ್ಲದ ಚೆಂಡನ್ನು ಕಾಲಿನಿಂದ ಕಾಲಿಗೆ ದಾಟಿಸುತ್ತಿರಬಹುದು. ಸಂಜೆ ಬಸ್ಸಿನಲ್ಲಿ ಕೇಳಿದವರು ಕೇಳದವರಿಗೆ ಹೇಳಬೇಕು. ಈ ಮೂವರಲ್ಲದೆ ಅದೇ ತರಗತಿಯ ಇನ್ನೂ ನಾಲ್ಕೈದು ಮಂದಿ ಪಾಠ ಹೇಳುವ ತಂಟೆಗೆ ಹೋಗದೆ, ಕೇಳುವುದಕ್ಕಷ್ಟೇ ಬರುತ್ತಿದ್ದರು. ಅವರು ಕಂಬಿ ಹಿಡಿದು ನಿಲ್ಲುತ್ತಿದ್ದರು, ಕಡಲೆ ಮಿಠಾಯಿಯ ರೂಪದಲ್ಲಿ ಫೀಸು ಕೊಡುತ್ತಿದ್ದರು.

ಗಣಿತ ರಂಶೀನಾಳಿಗೆ ಬಂದದ್ದು ಅವಳು ಲೆಕ್ಕದಲ್ಲಿ ಜಾಣೆ ಎಂಬ ಕಾರಣಕ್ಕಲ್ಲ. ಗಣಿತದ ಪ್ರೇಮನಾಥ ಮಾಷ್‌ಗೆ ಕನ್ನಡ ಬರುತ್ತಿರಲಿಲ್ಲ. ಅವರು ಕೇರಳದ ತೆಂಕಣ ಜಿಲ್ಲೆಯವರು. ತಾನು ಕಲಿಸಬೇಕಾದದ್ದು ಕನ್ನಡ ಮಾಧ್ಯಮದ ಮಕ್ಕಳಿಗೆ ಎಂದು ಅವರಿಗೆ ಗೊತ್ತಾದದ್ದೇ ಮೊದಲ ದಿನ ತರಗತಿಯ ಮುಖಗಳನ್ನು ನೋಡಿದ ಮೇಲೆ ಎಂದು ಭವಿತ್ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಬೋರ್ಡಿನ ಮೇಲೆ ಅವರ ಅಕ್ಷರ ಮುತ್ತಿನ ಹಾಗೆ. "ಕುಳಿತುಕೊಳ್ಳಿ", "ಸಾಕು", "ಊಟ ಆಯಿತಾ" ಎಂಬ ಮೂರು ಕನ್ನಡ ಮಾತು ಕಲಿತು, ಮೂರನ್ನೂ ಪ್ರತಿ ತರಗತಿಯಲ್ಲಿ ಬಳಸಿ ಮುಗಿಸುತ್ತಿದ್ದರು. ಉಳಿದದ್ದೆಲ್ಲ ಮಲಯಾಳ, ಅದೂ ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ ಬಿಟ್ಟ ಹಾಗೆ ಓಡುವ ತೆಂಕಣ ಮಲಯಾಳ. ಮನೆಯಲ್ಲಿ ಹವ್ಯಕ ಕನ್ನಡ ಆಡುವ ದೀಪ್ತಿಗೂ ತುಳು ಆಡುವ ಭವಿತ್‌ಗೂ ಅದು ಬರೀ ಗಾಳಿಯ ಸದ್ದು. ಬ್ಯಾರಿ ಆಡುವ, ಮದರಸದಲ್ಲಿ ಮಲಯಾಳ ಓದಿದ ರಂಶೀನಾಳಿಗೆ ಮಾತ್ರ ಅರ್ಥವಾಗುತ್ತಿತ್ತು. ಅಂದರೆ, ಮುಕ್ಕಾಲು ಭಾಗ. ಉಳಿದ ಕಾಲು ಭಾಗವನ್ನು ಬಸ್ಸು ಬರುವುದರೊಳಗೆ ಅವಳೇ ಹೊಲಿದು ಸೇರಿಸುತ್ತಿದ್ದಳು.

ಪಾಠದ ಕೊನೆಗೆ ಮಾಷ್ "ಮನಸ್ಸಿಲಾಯೋ?" ಎಂದು ಕೇಳುತ್ತಿದ್ದರು, ಅರ್ಥ ಆಯಿತಾ ಎಂದು. ಇಡೀ ತರಗತಿ ರಂಶೀನಾಳ ಕಡೆ ತಿರುಗುತ್ತಿತ್ತು. ಮಾಷೂ ಅವಳನ್ನೇ ನೋಡುತ್ತಿದ್ದರು, ಹೊಳೆಗೆ ಬಿದ್ದವನು ದಡದ ಬೇರನ್ನು ನೋಡುವ ಹಾಗೆ. "ಆಯಿ ಮಾಷೇ" ಎಂದು ಅವಳು ಹೇಳಿಬಿಡುತ್ತಿದ್ದಳು. ಇಲ್ಲ ಎನ್ನುವುದು ಹೇಗೆ?

ಆಗಸ್ಟಿನಲ್ಲಿ ಬಸ್ಸಿನ ಶಾಲೆಗೆ ಒಂದು ಗಂಡಾಂತರ ಬಂತು. ದೀಪ್ತಿಯ ಅಪ್ಪ ಕೇಶವಪ್ರಸಾದರು ಮದುವೆ, ಗೃಹಪ್ರವೇಶಗಳಿಗೆ ಅಡುಗೆ ವಹಿಸಿಕೊಳ್ಳುವವರು. ಬದಿಯಡ್ಕದ ಕಡೆ ಯಾವುದೋ ಮನೆಯ ಅನುಪತ್ಯದ ಊಟ ಬಡಿಸುವಾಗ, ಎಲೆಯ ಮುಂದೆ ಕೂತ ಯಾರೋ ಮಹಾನುಭಾವರು ಕನ್ನಡ ಬಾರದ ಗಣಿತದ ಮಾಷ್‌ನ ಸುದ್ದಿಯನ್ನು ಪಾಯಸಕ್ಕಿಂತ ಮೊದಲು ಎತ್ತಿದ್ದರು. ಅಲ್ಲಿಂದ ಬಂದವರು ಮಗಳಿಗೆ ತೀರ್ಪು ಕೊಟ್ಟರು: ಓಣಂ ಪರೀಕ್ಷೆಯಲ್ಲಿ ಗಣಿತಕ್ಕೆ ಎ ಗ್ರೇಡ್ ಬಂದರೆ ಸರಿ. ಬಾರದಿದ್ದರೆ ರಜೆ ಕಳೆದ ಮೇಲೆ ಅವಳು ದಿನಾ ಸಂಜೆ ಕಾಸರಗೋಡಿನ ಟ್ಯೂಷನ್ ಸೆಂಟರಿಗೆ ಹೋಗಬೇಕು, ಅವರ ವ್ಯಾನಿನಲ್ಲೇ ಮನೆಗೆ ಬರಬೇಕು.

"ಅಂದ್ರೆ ಈ ಬಸ್ಸು ಇಲ್ವಾ?" ರಂಶೀನಾ ಕೇಳಿದಳು.

"ಇಲ್ಲ."

"ಮತ್ತೆ ಸಮಾಜ ಯಾರು ಹೇಳುದು?"

"ನಿಂಗೆ ಬೇಜಾರಾಗ್ತದೆ ಅಂತ ಒಂದು ಮಾತು ಹೇಳ್ಲಿಕ್ಕೆ ಬರುದಿಲ್ವಾ? ಸಮಾಜ ಅಂತೆ!"

"ಬೇಜಾರು ಆಗ್ತದೆ. ಸಮಾಜ ಯಾರು ಹೇಳುದು?"

ದೀಪ್ತಿ ಅವಳ ತೋಳಿಗೆ ಚಿವುಟಿದಳು. ಆದರೆ ಇಬ್ಬರಿಗೂ ಗೊತ್ತಿತ್ತು. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಎತ್ತಿದರೆ ಪಾತ್ರೆ ನಿಲ್ಲುವುದಿಲ್ಲ. ದೀಪ್ತಿ ಹೋದರೆ ಅವಳ ಜೊತೆ ಮೂರು ವಿಷಯ ಹೋಗುತ್ತವೆ, ಆಮೇಲೆ ಭವಿತ್ ಮೈದಾನದ ಕಡೆ ಹೋಗುತ್ತಾನೆ, ರಂಶೀನಾ ಕಿಟಕಿಯ ಪಕ್ಕ ಒಬ್ಬಳೇ ಕೂತು ತನಗೆ ತಾನೇ ಗಣಿತ ಹೇಳಿಕೊಳ್ಳಬೇಕು. ಮತ್ತೆ, ದೀಪ್ತಿಗೆ ಗೊತ್ತಿದ್ದ ಗಣಿತವೆಂದರೆ ರಂಶೀನಾ ಹೇಳಿಕೊಟ್ಟ ಗಣಿತ. ಎ ಬಾರದಿದ್ದರೆ ತಪ್ಪು ಮಾಷ್‌ನದ್ದೂ ಅಲ್ಲ, ದೀಪ್ತಿಯದ್ದೂ ಅಲ್ಲ.

"ನೋಡ್ತಾ ಇರಿ," ಭವಿತ್ ರಂಶೀನಾಳ ಕಡೆ ಕೈ ತೋರಿಸಿ ಕಂಬಿ ಹಿಡಿದವರಿಗೆ ಹೇಳಿದ, "ಟೀಚರಮ್ಮನಿಗೆ ಎ ಪ್ಲಸ್, ನಮಗೆ ಬರೀ ಬಸ್ಸಿನ ಟಿಕೆಟ್. ಒಳ್ಳೊಳ್ಳೆ ಲೆಕ್ಕ ಪೂರಾ ಚೀಲದಲ್ಲಿ ಇಟ್ಕೊಂಡು ನಮಗೆ ಸಿಪ್ಪೆ ಕೊಡ್ತಾಳೆ ಇವಳು."

ಎಲ್ಲರೂ ನಕ್ಕರು. ರಂಶೀನಾಳೂ ನಕ್ಕಳು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತು.

ವೃತ್ತದ ಪಾಠ ಬಂದದ್ದು ಪರೀಕ್ಷೆಗೆ ಸ್ವಲ್ಪ ಮೊದಲು. ಮಾಷ್ ಬೋರ್ಡಿನ ಮೇಲೆ ಒಂದು ವೃತ್ತ ಬರೆದರು, ಅದಕ್ಕೆ ಅಡ್ಡಲಾಗಿ ವ್ಯಾಸ ಎಳೆದರು. ವ್ಯಾಸದ ಎರಡು ತುದಿಗಳಿಂದ ವೃತ್ತದ ಮೇಲಿನ ಒಂದು ಬಿಂದುವಿಗೆ ಗೆರೆ ಎಳೆದರೆ ಅಲ್ಲಿ ಆಗುವ ಕೋನ ತೊಂಬತ್ತು ಡಿಗ್ರಿ. ಬಿಂದು ಎಲ್ಲಿದ್ದರೂ ಸರಿ, ವೃತ್ತದ ಮೇಲಿದ್ದರೆ ತೊಂಬತ್ತೇ. ಇಷ್ಟನ್ನು ರಂಶೀನಾ ಒಂದು ಗುಕ್ಕಿಗೆ ನುಂಗಿಕೊಂಡಳು. ಆಗ ದೀಪ್ತಿ ಪಕ್ಕೆಗೆ ತಿವಿದು, "ಎಂತ ಹೇಳಿದ್ದು?" ಎಂದು ಕೇಳಿದಳು. ಪರೀಕ್ಷೆ ಹತ್ತಿರ ಬಂದ ಮೇಲೆ ಸಂಜೆಯವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ರಂಶೀನಾ ತಲೆ ತಗ್ಗಿಸಿ ಪಿಸುಗುಟ್ಟಿದಳು. ತಲೆ ಎತ್ತಿದಾಗ ಬೋರ್ಡಿನ ಮೇಲೆ ಇನ್ನೂ ಎರಡು ಬಿಂದುಗಳಿದ್ದವು, ಒಂದು ವೃತ್ತದ ಒಳಗೆ, ಒಂದು ಹೊರಗೆ. ಮಾಷ್ ಅವುಗಳ ವಿಷಯ ಹೇಳಿ ಮುಗಿಸಿದ್ದರು. ಗಂಟೆ ಹೊಡೆಯಿತು.

"ಮನಸ್ಸಿಲಾಯೋ?"

"ಆಯಿ ಮಾಷೇ."

ಸಂಜೆ ಬಸ್ಸಿನ ಟಾರ್ಪಾಲು ಇಳಿಸಿದ್ದರಿಂದ ಒಳಗೆ ಅರೆಗತ್ತಲೆ. ದೀಪ್ತಿಯ ಬಳೆಯನ್ನು ಬಿಡಿಸಿ ಹಾಳೆಯ ಮೇಲಿಟ್ಟು ರಂಶೀನಾ ವೃತ್ತ ಎಳೆದಳು. ವ್ಯಾಸ, ಬಿಂದು, ತೊಂಬತ್ತು. ಎಲ್ಲರೂ ತಲೆಯಾಡಿಸಿದರು.

"ಬಿಂದು ಹೊರಗೆ ಇದ್ರೆ?" ದೀಪ್ತಿ ಕೇಳಿದಳು.

ಹೊಲಿಗೆ ಹಾಕದೆ ಬಿಟ್ಟ ಕಾಲು ಭಾಗ ಅದೇ. ರಂಶೀನಾ ಕ್ಷಣ ಯೋಚಿಸಿದಳು. "ಹೊರಗೆ ಜಾಗ ಹೆಚ್ಚಲ್ವಾ? ಹಾಗಾಗಿ ಕೋನವೂ ದೊಡ್ಡದು, ತೊಂಬತ್ತಕ್ಕಿಂತ ಮೇಲೆ. ಒಳಗೆ ಇಕ್ಕಟ್ಟು. ಅಲ್ಲಿ ಸಣ್ಣದು." ಹೇಳಿದ ಮೇಲೆ ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ಅವಳಿಗೇ ಸಂತೋಷವಾಯಿತು.

ಭವಿತ್ ಹುಬ್ಬು ಗಂಟಿಕ್ಕಿ ಏನೋ ಹೇಳಲು ಬಾಯಿ ತೆರೆದ. ದೀಪ್ತಿ ಅವನ ಕಾಲು ಮೆಟ್ಟಿದಳೋ ಏನೋ, ಬಾಯಿ ಮುಚ್ಚಿದ.

"ಪಳ್ಳಿಮೂಲೆ! ಪಳ್ಳಿಮೂಲೆ! ಟೀಚರಮ್ಮ ಇಳಿಯಿರಿ, ನಿಮ್ಮ ಸ್ಟಾಪು," ಹಸೈನಾರಿಚ್ಚ ಕೂಗಿದರು.

ಅವಳು ಇಳಿದಳು. ಬಸ್ಸು ದೇಲಂಪಾಡಿಯ ಕಡೆ ಹೋಯಿತು.

ಓಣಂ ಪರೀಕ್ಷೆಯ ಗಣಿತದ ದಿನ ಹಾಲ್‌ನಲ್ಲಿ ಅವಳಿಗೆ ಸಿಕ್ಕಿದ್ದು ಕೊನೆಯ ಬೆಂಚು, ಪಕ್ಕದಲ್ಲಿ ಪೆನ್ನು ಜಗಿಯುವ ಎಂಟನೇ ತರಗತಿಯ ಹುಡುಗ. ಮೂರು ಬೆಂಚು ಮುಂದೆ ದೀಪ್ತಿಯ ಜಡೆ ಕಾಣುತ್ತಿತ್ತು. ಬಾಗಿಲ ಹತ್ತಿರ ಭವಿತ್‌ನ ಕತ್ತು. ಪ್ರಶ್ನೆಪತ್ರಿಕೆ ಕೊಟ್ಟ ಕೂಡಲೇ ಬರೆಯುವ ಹಾಗಿಲ್ಲ. ಮೊದಲು ಕಾಲು ಗಂಟೆ ಕೂಲ್ ಆಫ್ ಟೈಮ್: ಪ್ರಶ್ನೆಗಳನ್ನು ಓದಬೇಕು, ಯೋಚಿಸಬೇಕು, ತಲೆ ತಣ್ಣಗೆ ಮಾಡಿಕೊಳ್ಳಬೇಕು. ಪೆನ್ನು ಮುಟ್ಟಬಾರದು, ಬಾಯಿ ತೆರೆಯಬಾರದು.

ರಂಶೀನಾ ಓದುತ್ತ ಬಂದಳು. ಶ್ರೇಣಿ, ಬರುತ್ತದೆ. ಸಂಭವನೀಯತೆ, ಬರುತ್ತದೆ. ಆಮೇಲೆ ವೃತ್ತ. ಒಂದು ವೃತ್ತದ ವ್ಯಾಸದ ತುದಿಗಳಿಂದ ಪಿ ಎಂಬ ಬಿಂದುವಿನಲ್ಲಿ ಆಗುವ ಕೋನ ಎಪ್ಪತ್ತು, ಕ್ಯೂ ಎಂಬಲ್ಲಿ ತೊಂಬತ್ತು, ಆರ್ ಎಂಬಲ್ಲಿ ನೂರ ಹತ್ತು. ಯಾವುದು ಒಳಗೆ, ಯಾವುದು ವೃತ್ತದ ಮೇಲೆ, ಯಾವುದು ಹೊರಗೆ? ಕಾರಣ ಬರೆಯಿರಿ. ನಾಲ್ಕು ಅಂಕ.

ಆರ್ ಹೊರಗೆ, ಎಂದು ಅವಳ ಮನಸ್ಸು ತಟ್ಟನೆ ಹೇಳಿತು. ಹೊರಗೆ ಜಾಗ ಹೆಚ್ಚು.

ಮುಂದಿನ ಪ್ರಶ್ನೆಗೆ ಹೋಗುವ ಮೊದಲು ಅವಳು ಸುಮ್ಮನೆ ಬಾಗಿಲಿನ ಕಡೆ ನೋಡಿದಳು. ಇಷ್ಟು ದೂರದಿಂದ ಬಾಗಿಲು ಒಂದು ಬೆಳಕಿನ ಪಟ್ಟಿಯಷ್ಟೇ. ಅದರ ಎರಡು ದಾರಂದಗಳನ್ನು ನೋಡಲು ಅವಳು ಕಣ್ಣನ್ನೂ ಹೊರಳಿಸಬೇಕಾಗಿರಲಿಲ್ಲ. ಆದರೆ ಬಾಗಿಲಿಗೆ ತಾಗಿ ಕೂತಿದ್ದ ಭವಿತ್‌ಗೆ ಎರಡೂ ದಾರಂದ ಕಾಣಬೇಕಾದರೆ ಕತ್ತನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಬೇಕು. ಹತ್ತಿರ ಹೋದ ಹಾಗೆ ಬಾಗಿಲು ಅಗಲವಾಗುತ್ತದೆ. ದೂರ ಸರಿದ ಹಾಗೆ ಕಿರಿದಾಗುತ್ತದೆ.

ವ್ಯಾಸಕ್ಕೂ ಹಾಗೆಯೇ. ಒಳಗಿನ ಬಿಂದು ಹತ್ತಿರದ್ದು. ಹೊರಗಿನದು ದೂರದ್ದು.

ಉತ್ತರ ತಲೆಕೆಳಗು. ಅವಳು ಬಳೆ ಇಟ್ಟು, ಗೆರೆ ಎಳೆದು, ಖುಷಿಯಿಂದ ಹೇಳಿಕೊಟ್ಟದ್ದು ತಲೆಕೆಳಗು. ಈ ಹಾಲ್‌ನಲ್ಲಿ ಆರೇಳು ಮಂದಿ ಈಗ ತಣ್ಣಗೆ ಕೂತು, ಹೊರಗೆ ಜಾಗ ಹೆಚ್ಚು ಎಂದು ಮನಸ್ಸಿನಲ್ಲೇ ಬರೆಯುತ್ತಿದ್ದಾರೆ. ನಾಲ್ಕು ಅಂಕ. ದೀಪ್ತಿಗೆ ಎ ಬರುವುದಿದ್ದರೂ ಅಂಚಿನಲ್ಲೇ ಬರಬೇಕು. ನಾಲ್ಕು ಅಂಕ ಹೋದರೆ ಎ ಹೋಯಿತು, ಎ ಹೋದರೆ ದೀಪ್ತಿ ಹೋದಳು. ಜಡೆ ಅಲುಗಾಡದೆ ನೇರ ಕೂತಿತ್ತು, ನಂಬಿಕೆಯೇ ಮೂರ್ತಿಯಾದ ಹಾಗೆ. ರಂಶೀನಾ ಕೆಮ್ಮಿದಳು. ಜಡೆ ತಿರುಗಲಿಲ್ಲ. ಇನ್ನೊಮ್ಮೆ ಕೆಮ್ಮಿದಳು. ಕಾವಲಿಗಿದ್ದ ಟೀಚರು ಹತ್ತಿರ ಬಂದು, ನೀರು ಬೇಕಾ ಎಂದು ಕೇಳಿದರು.

ಬರೆಯುವ ಗಂಟೆ ಹೊಡೆಯಿತು. ಉಳಿದ ಲೆಕ್ಕಗಳನ್ನೆಲ್ಲ ಮಾಡಿ ಕೊನೆಗೆ ಅವಳು ವೃತ್ತಕ್ಕೆ ಬಂದಳು. ಚಿತ್ರ ಬರೆದಳು. ಪಿ ಹೊರಗೆ, ಕ್ಯೂ ವೃತ್ತದ ಮೇಲೆ, ಆ‌ರ್ ಒಳಗೆ ಎಂದು ಸರಿಯಾಗಿ ಬರೆದಳು. ಬರೆದದ್ದನ್ನು ನೋಡಿದಳು. ಟೀಚರಮ್ಮನಿಗೆ ಎ ಪ್ಲಸ್, ನಮಗೆ ಸಿಪ್ಪೆ. ನಾಳೆ ಪೇಪರು ಬಂದಾಗ ಬಸ್ಸಿನಲ್ಲಿ ಎಲ್ಲರ ಉತ್ತರ ತಪ್ಪು, ಅವಳದ್ದೊಂದು ಸರಿ. ಆಗ ಅವಳು ಬಾಗಿಲಿನ ಕಥೆ ಹೇಳಿದರೆ ಯಾರು ನಂಬುತ್ತಾರೆ? ನಮಗೊಂದು ಹೇಳಿಕೊಟ್ಟು ನೀನೊಂದು ಬರೆದೆಯಲ್ಲ, ಎಂದು ಯಾರೂ ಬಾಯಿಬಿಟ್ಟು ಕೇಳದಿದ್ದರೆ ಇನ್ನೂ ಕಷ್ಟ. ದೀಪ್ತಿ ಅದನ್ನು ಕೇಳುವವಳಲ್ಲ. ವ್ಯಾನಿನ ಕಿಟಕಿಯಿಂದ ಸುಮ್ಮನೆ ನೋಡಿಕೊಂಡು ಹೋಗುವವಳು.

ಅವಳು ಸರಿಯುತ್ತರದ ಮೇಲೆ ಒಂದು ಗೆರೆ ಎಳೆದಳು. ಕೆಳಗೆ ಬರೆದಳು: ಆ‌ರ್ ಹೊರಗೆ, ಪಿ ಒಳಗೆ. ಕಾರಣ: ಹೊರಗೆ ಹೋದಂತೆ ಕೋನ ದೊಡ್ಡದಾಗುತ್ತದೆ. ಮುಳುಗುವುದಾದರೆ ಒಂದೇ ದೋಣಿಯಲ್ಲಿ. ಹಾಗೆ ಬರೆದ ಮೇಲೆ ಒಂದು ವಿಚಿತ್ರ ಸಮಾಧಾನ ಆಯಿತು. ಆದರೆ ಅದು ಮೆಟ್ಟಲು ಇಳಿಯುವವರೆಗೂ ಬಾಳಲಿಲ್ಲ.

ಮಧ್ಯಾಹ್ನದ ಬಸ್ಸೂ ಹಸೈನಾರಿಚ್ಚರದ್ದೇ. ಹಿಂದಿನ ಸೀಟಿನಲ್ಲಿ ಜಾತ್ರೆಯ ಗದ್ದಲ. ಸುಲಭ ಇತ್ತು, ಎಲ್ಲ ಬರೆದೆ, ಪರವಾಗಿಲ್ಲ ಮಾರಾಯ, ಎಂದು ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅವರು ಖುಷಿಪಟ್ಟಷ್ಟೂ ರಂಶೀನಾ ಕುಗ್ಗುತ್ತ ಹೋದಳು. ಪಳ್ಳಿಮೂಲೆಯ ಹಿಂದಿನ ತಿರುವು ಬಂದಾಗ ಇನ್ನು ತಡೆಯಲಾಗಲಿಲ್ಲ.

"ಆ ವೃತ್ತದ ಪ್ರಶ್ನೆ," ಎಂದಳು. "ಪಿ, ಕ್ಯೂ, ಆ‌ರ್. ಅದು ನಾನು ಹೇಳಿಕೊಟ್ಟದ್ದು ತಪ್ಪು. ಹೊರಗೆ ಸಣ್ಣದು, ಒಳಗೆ ದೊಡ್ಡದು. ಪರೀಕ್ಷೆಯಲ್ಲಿ ಕೂತ ಮೇಲೆ ಗೊತ್ತಾದದ್ದು ನಂಗೆ. ನಿಮ್ಮೆಲ್ಲರ ನಾಲ್ಕು ಮಾರ್ಕು ನಾನೇ ತಿಂದದ್ದು."

ದೀಪ್ತಿ ಭವಿತ್‌ನನ್ನು ನೋಡಿದಳು. ಭವಿತ್ ಬಸ್ಸಿನ ಛಾವಣಿ ನೋಡಿದ. ಕಂಬಿ ಹಿಡಿದವರಲ್ಲಿ ಒಬ್ಬ ಮೂಗಿನಲ್ಲೇ ನಕ್ಕ.

"ನೀನು ಹೇಳು," ದೀಪ್ತಿ ಎಂದಳು.

"ನೀನೇ ಹೇಳು ಮಾರಾಯ್ತಿ. ಏರ್ಪಾಡು ನಿನ್ನದಲ್ವಾ?"

"ಎಂತ ಏರ್ಪಾಡು?" ರಂಶೀನಾ ಕೇಳಿದಳು.

ದೀಪ್ತಿ ಬಳೆಯನ್ನು ಮಣಿಕಟ್ಟಿನಲ್ಲಿ ತಿರುಗಿಸಿದಳು. "ಅದು ನಾವು ಸರಿಯೇ ಬರೆದದ್ದು. ಪಿ ಹೊರಗೆ, ಆ‌ರ್ ಒಳಗೆ. ಎಲ್ಲರೂ."

"ಹೇಗೆ?"

"ನೀನು ಇಳಿದ ಮೇಲೆ... ಸ್ವಲ್ಪ ರಿಪೇರಿ ಉಂಟು."

ರಂಶೀನಾಳಿಗೆ ಅರ್ಥವಾಗಲಿಲ್ಲ. ಭವಿತ್ ಮುಂದೆ ಬಾಗಿದ. "ಹೊರಗೆ ಹೋದ ಹಾಗೆ ಕೋನ ದೊಡ್ಡದಾಗುದಾದ್ರೆ ನಾನು ಮೈದಾನದ ನಡುವಿನಿಂದಲೇ ಗೋಲು ಹಾಕ್ಬೇಕಿತ್ತಲ್ವಾ? ಗೋಲಿನ ಹತ್ತಿರ ಹೋದ ಹಾಗೆ ಎರಡು ಕಂಬ ಅಗಲ ಆಗುದು. ಅದು ಸೆವೆನ್ಸ್ ಫುಟ್‌ಬಾಲ್ ಆಡುವ ಯಾವ ಪೊಟ್ಟನಿಗೂ ಗೊತ್ತುಂಟು. ಅವತ್ತೇ ಹೇಳುವ ಅಂತ ಇದ್ದೆ, ಇವಳು ಕಾಲು ಮೆಟ್ಟಿದ್ಳು, ನೋಡು, ಇನ್ನೂ ನೀಲಿ ಉಂಟು. ನೀನು ಇಳಿದ ಮೇಲೆ ಪುಸ್ತಕ ತೆಗೆದು ನೋಡಿದೆವು. ಅದರಲ್ಲಿಯೂ ಹಾಗೆಯೇ ಉಂಟು."

"ಬೇರೆ ಯಾವುದೆಲ್ಲ ರಿಪೇರಿ ಮಾಡಿದ್ದೀರಿ?"

"ಹೆಚ್ಚಿಲ್ಲ," ದೀಪ್ತಿ ಹೇಳಿದಳು.

"ಸುಮಾರು ಉಂಟು," ಭವಿತ್ ಹೇಳಿದ.

ಪಳ್ಳಿಮೂಲೆ ಬಂತು, ನಿಂತಿತು, ಹೋಯಿತು. "ಟೀಚರಮ್ಮ!" ಹಸೈನಾರಿಚ್ಚ ಮುಂದಿನಿಂದ ಕೂಗಿದರು. "ಎಂತ, ಮನೆ ಬದಲಾಯಿಸಿದ್ದಾ?" ಅವಳಿಗೆ ಕೇಳಿಸಲಿಲ್ಲ. ಇಷ್ಟು ದಿನ ತಾನಿಳಿದ ಮೇಲೆ ಬಸ್ಸು ಖಾಲಿ ರಸ್ತೆಯಲ್ಲಿ ಸುಮ್ಮನೆ ಓಡುತ್ತದೆ ಎಂದೇ ಅವಳು ತಿಳಿದಿದ್ದಳು. ಕಥೆಯ ಕೊನೆಯ ಪುಟದ ನಂತರದ ಬಿಳಿ ಹಾಳೆಯ ಹಾಗೆ. ಅಲ್ಲಿ ಇಷ್ಟೆಲ್ಲ ಬರೆದಿದೆ ಎಂದು ಅವಳಿಗೇನು ಗೊತ್ತು? ಅವಳ ಬೆನ್ನು ಮರೆಯಾದ ಕೂಡಲೇ ಪುಸ್ತಕಗಳು ತೆರೆದುಕೊಳ್ಳುತ್ತಿದ್ದವು, ಅವಳ ಹೊಲಿಗೆಗಳನ್ನು ಬಿಚ್ಚಿ ಮತ್ತೆ ಹಾಕಲಾಗುತ್ತಿತ್ತು. ಮುಖ ಬಿಸಿಯಾಯಿತು. ಕಣ್ಣು ಉರಿಯಿತು.

"ನಂಗೆ ಒಂದು ಮಾತು ಹೇಳ್ಲಿಕ್ಕೆ ಎಂತ ನಿಮಗೆ? ಬೆನ್ನ ಹಿಂದೆ ನಗಾಡ್ಲಿಕ್ಕಾ?"

"ನಗಾಡಿದ್ದು ಯಾರು?" ದೀಪ್ತಿಯ ದನಿ ಏರಿತು. "ಹೇಳಿದ್ದೆವಲ್ಲ ಒಮ್ಮೆ! ಜೂನ್‌ನಲ್ಲಿ ಶ್ರೇಣಿಯ ಲೆಕ್ಕ ತಪ್ಪು ಅಂತ ಭವಿತ್ ಹೇಳಿದ್ದಕ್ಕೆ ನೀನು ಮರುದಿನ ಡ್ರೈವರನ ಹಿಂದೆ ಹೋಗಿ ಕೂತೆ. ಅದರ ಮರುದಿನವೂ ಕೂತೆ. ಜ್ವರ ಅಂತ ಹೇಳಿದೆ, ಆದ್ರೆ ಮಾವಿನಕಾಯಿ ತಿಂತಾ ಇದ್ದೆ. ನೀನು ಮುನಿಸಿದ್ರೆ ಕ್ಲಾಸೇ ಬಂದ್. ಮಾಷ್ ಹೇಳುದು ನಮಗೆ ಯಾರಿಗೆ ಗೊತ್ತಾಗ್ತದೆ?"

"ಪುಸ್ತಕ ಉಂಟಲ್ಲ ನಿಮಗೆ. ನಾನು ಎಂತಕ್ಕೆ?"

"ಪುಸ್ತಕ ಉಂಟು. ಆದ್ರೆ ನೀನು ಹೇಳಿದ ಮೇಲೆ ಮಾತ್ರ ಅದು ಓದ್ಲಿಕ್ಕೆ ಆಗುದು. ನೀನು ಇದು ವೃತ್ತ, ಇದು ವ್ಯಾಸ, ಇಲ್ಲಿ ಬಿಂದು ಅಂತ ಹೇಳಿರ್ತೀಯಲ್ಲ, ಆಮೇಲೆ ಪುಸ್ತಕದ ಕನ್ನಡ ಕನ್ನಡದ ಹಾಗೆ ಕಾಣ್ತದೆ. ಮುಂಚೆ ಅದನ್ನು ನೋಡಿದ್ರೆ ಎಲ್ಲಿಂದ ಹಿಡಿಯುದು ಅಂತಲೇ ಗೊತ್ತಾಗುದಿಲ್ಲ." ಅವಳು ಉಸಿರು ಎಳೆದುಕೊಂಡಳು. "ನೀನು ತಪ್ಪು ಹೇಳಿದ್ರೆ ಇನ್ನೂ ಒಳ್ಳೇದು. ಎಲ್ಲಿ ತಪ್ಪು ಅಂತ ಜಗಳ ಆಗ್ತದೆ. ಜಗಳ ಆದದ್ದು ಮರೆಯುದಿಲ್ಲ."

ಕಂಬಿಯ ಹುಡುಗ ಹೌದೆಂದು ತಲೆಯಾಡಿಸಿ ಕಡಲೆ ಮಿಠಾಯಿಯ ತುಂಡೊಂದನ್ನು ಮುಂದೆ ಹಿಡಿದ. ರಂಶೀನಾ ಅದನ್ನು ತೆಗೆದುಕೊಂಡಳು, ತಿನ್ನಲಿಲ್ಲ. ಉರಿ ಮೆಲ್ಲಗೆ ಇಳಿಯುತ್ತಿತ್ತು. ಅದರ ಜಾಗದಲ್ಲಿ ಬಂದದ್ದು ಏನೆಂದು ಅವಳಿಗೆ ತಕ್ಷಣ ಗುರುತಾಗಲಿಲ್ಲ. ತುಂಬಿದ ಕೊಡವನ್ನು ಒಬ್ಬಳೇ ಹೊತ್ತು ನಡೆಯುತ್ತಿದ್ದೇನೆ ಎಂದುಕೊಂಡವಳಿಗೆ, ಹಿಂದಿನಿಂದ ಇಷ್ಟು ದಿನವೂ ಯಾರೋ ಅದರ ತಳಕ್ಕೆ ಕೈ ಆನಿಸಿ ಹಿಡಿದಿದ್ದರು ಎಂದು ಗೊತ್ತಾದ ಹಾಗೆ. ದೀಪ್ತಿಯ ನಾಲ್ಕು ಅಂಕ ಹೋಗಿಲ್ಲ. ಯಾರದ್ದೂ ಹೋಗಿಲ್ಲ. ಅವಳು ಸೀಟಿಗೆ ಒರಗಿದಳು. ಹೊಟ್ಟೆ ದೊಡ್ಡದಾಗಿ ಗುರ್ರೆಂದಿತು, ಊಟ ಆಗಿರಲಿಲ್ಲ.

"ಅಲ್ಲ," ಭವಿತ್‌ಗೆ ತಟ್ಟನೆ ಹೊಳೆಯಿತು, "ಪರೀಕ್ಷೆಯಲ್ಲಿ ಕೂತಾಗ ಗೊತ್ತಾಯ್ತು ಅಂತ ಹೇಳಿದೆಯಲ್ಲ. ಹಾಗಾದ್ರೆ ನಿನ್ನದೂ ಸರಿ ಆಯ್ತಲ್ಲ?"

ರಂಶೀನಾ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡಳು.

"ಎಂತ ಬರೆದೆ ನೀನು?" ದೀಪ್ತಿ ಕೇಳಿದಳು.

"ಮೊದಲು ಸರಿ ಬರೆದೆ."

"ಮೊದಲು ಅಂದ್ರೆ?"

"ಆಮೇಲೆ ಹೊಡೆದು ಹಾಕಿದೆ. ಬಸ್ಸಿನಲ್ಲಿ ಹೇಳಿದ್ದನ್ನೇ ಬರೆದೆ. ನಿಮ್ಮೆಲ್ಲರದ್ದು ತಪ್ಪಾಗಿ ನನ್ನದೊಂದು ಸರಿಯಾದ್ರೆ..." ಮಿಠಾಯಿ ಹಲ್ಲಿಗೆ ಅಂಟಿತ್ತು. "ಚೀಲದಲ್ಲಿ ಇಟ್ಕೊಂಡಳು ಅಂತ ಹೇಳ್ತೀರಲ್ಲ."

ಭವಿತ್ ಸೀಟಿನಿಂದ ಜಾರಿ ಕೆಳಗೆ ಕೂತುಬಿಟ್ಟ. ಅವನು ನಗುತ್ತಿದ್ದನೋ ಉಸಿರುಗಟ್ಟಿತ್ತೋ ತಿಳಿಯುವಂತಿರಲಿಲ್ಲ. ದೀಪ್ತಿ ಮೊದಲು ರಂಶೀನಾಳ ಬೆನ್ನಿಗೆ ಗುದ್ದಿದಳು, ಆಮೇಲೆ ಅದೇ ಬೆನ್ನಿಗೆ ಹಣೆ ಇಟ್ಟಳು. "ಮರ್ಲ್ ನಿಂಗೆ, ಮರ್ಲ್," ಎನ್ನುತ್ತಿದ್ದಳು. ಹುಚ್ಚು ಎನ್ನುವುದಕ್ಕೆ ಅವಳು ಭವಿತ್‌ನಿಂದ ಕಲಿತ ತುಳು ಮಾತು ಅದು.

ಹಸೈನಾರಿಚ್ಚ ಟಿಕೆಟ್ ಚೀಲ ಹಿಡಿದು ಹಿಂದೆ ಬಂದರು. ಸುದ್ದಿ ಕೇಳಿದರು. "ಅಂದ್ರೆ ಮಕ್ಕಳು ಪೂರಾ ಪಾಸು, ಟೀಚರು ಮಾತ್ರ ಫೇಲು! ಇಂಥಾ ಶಾಲೆ ನಾನು ಮಸ್ಕತ್ತಿನಲ್ಲಿಯೂ ನೋಡ್ಲಿಲ್ಲ." ಅವರು ತಮ್ಮ ಫೋನು ಅವಳ ಕೈಗೆ ಕೊಟ್ಟರು. "ಮೊದಲು ಉಮ್ಮನಿಗೆ ಫೋನ್ ಮಾಡು. ಸ್ಟಾಪು ದಾಟಿ ಬಂದದ್ದು ಯಾಕೆ ಅಂತ ಹೇಳು."

ರಂಶೀನಾ ತನ್ನ ತಾಯಿಗೆ ಫೋನ್ ಮಾಡಿ, ಬಸ್ಸಿನಲ್ಲಿ ಕ್ಲಾಸು ಉದ್ದ ಆಯಿತು, ಇದೇ ಬಸ್ಸಿನಲ್ಲಿ ತಿರುಗಿ ಬರುತ್ತೇನೆ ಎಂದಳು. ಸಾರು ಆರುತ್ತದೆ ಎಂದು ಉಮ್ಮ ಹೇಳಿದರು, ಅದಕ್ಕಿಂತ ಹೆಚ್ಚು ಕೇಳಲಿಲ್ಲ. ದೇಲಂಪಾಡಿಯವರೆಗಿನ ಆ ಉಳಿದ ದಾರಿಯನ್ನು ಅವಳು ಅಂದೇ ಮೊದಲು ನೋಡಿದ್ದು. ನೋಡಿದ್ದಾದರೂ ಎಷ್ಟು? ಜೂನ್‌ನಿಂದ ಅವಳು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳಿಸಿಕೊಂಡಳು. ಕೆಲವಕ್ಕೆ ಹಣೆ ಚಚ್ಚಿಕೊಂಡಳು. ಎರಡು ಕಡೆ, ತಪ್ಪು ತನ್ನದಲ್ಲ, ರಿಪೇರಿಯದ್ದೇ ಎಂದು ಜಗಳ ಮಾಡಿ ಗೆದ್ದಳು.

ಇನ್ನು ಎ ಒಂದು ಬಾಕಿ ಇತ್ತು. ಅದು ಓಣಂ ರಜೆ ಕಳೆಯುವವರೆಗೆ ಕಾಯಿಸಿತು. ಶಾಲೆ ತೆರೆದ ದಿನ ಪ್ರೇಮನಾಥ ಮಾಷ್ ಪೇಪರಿನ ಕಟ್ಟು ಹಿಡಿದು ಬಂದು, "ಕುಳಿತುಕೊಳ್ಳಿ" ಎಂದು ಒಂದೊಂದೇ ಹೆಸರು ಕರೆದರು. ದೀಪ್ತಿ ಪೇಪರು ತೆಗೆದುಕೊಂಡು ಬಂದಳು. ಬೆಂಚಿನ ಮೇಲೆ ಬೋರಲಾಗಿಟ್ಟು ಅದರ ಮೇಲೆ ಕೈ ಒತ್ತಿ ಕೂತಳು.

"ನೋಡು," ಎಂದಳು ರಂಶೀನಾ.

"ನೀನು ನೋಡು."

ರಂಶೀನಾ ಮೂಲೆಯನ್ನು ಮಾತ್ರ ಎತ್ತಿ ನೋಡಿದಳು. ಎ. ಅಂಚಿನ ಎ, ಎರಡು ಅಂಕ ಕಡಿಮೆಯಾಗಿದ್ದರೂ ಬಿದ್ದುಹೋಗುತ್ತಿದ್ದ ಎ. ಆದರೂ ಎ. ಅವಳು ದೀಪ್ತಿಯ ಕೈಯನ್ನು ಬೆಂಚಿನ ಕೆಳಗೆ ಹಿಡಿದು ಎಷ್ಟು ಜೋರಾಗಿ ಹಿಸುಕಿದಳೆಂದರೆ ಬಳೆ ಟಪ್ಪೆಂದಿತು.

ಅವಳ ಹೆಸರು ಕೊನೆಗೆ ಬಂತು. ಬಿ ಪ್ಲಸ್. ಮಾಷ್ ಪೇಪರನ್ನು ಕೂಡಲೇ ಕೊಡದೆ, ವೃತ್ತದ ಚಿತ್ರದ ಮೇಲೆ ಬೆರಳಿಟ್ಟು, ಸರಿಯಾದದ್ದನ್ನು ಯಾಕೆ ಹೊಡೆದುಹಾಕಿದೆ ಎಂದು ಮೆಲ್ಲಗೆ ಮಲಯಾಳದಲ್ಲಿ ಕೇಳಿದರು. ಅವಳು ಬಸ್ಸಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ತಾನು ಆ ದಿನ ಒಳಗಿನ, ಹೊರಗಿನ ಬಿಂದುಗಳ ವಿಷಯ ಕೇಳಿಸಿಕೊಳ್ಳದೆ ಆಯಿ ಎಂದದ್ದನ್ನೂ ಹೇಳಿದಳು. ಮಾಷ್ ಕನ್ನಡಕ ತೆಗೆದು ಒರೆಸಿದರು. ನೀನು ಇಲ್ಲ ಎಂದರೆ ನಾನು ಇನ್ನೊಮ್ಮೆ ಹೇಳುತ್ತಿದ್ದೆನಲ್ಲ ಮೋಳೇ, ಎಂದು ಮಗಳನ್ನು ಕರೆಯುವ ಹಾಗೆ ಹೇಳಿದರು. ಅಷ್ಟು ಸರಳವಾಗಿತ್ತು ಅದು. ಆಮೇಲೆ ಅವರು ಹೊಸ ಪಾಠ ಶುರುಮಾಡಿದರು, ಎಂದಿಗಿಂತ ನಿಧಾನವಾಗಿ, ಪ್ರತಿ ಗೆರೆಗೂ ನಿಂತು ಹಿಂದೆ ನೋಡಿ.

ಸಂಜೆ ಬಸ್ಸು ಹೊರಟ ಕೂಡಲೇ ದೀಪ್ತಿ ಹಸೈನಾರಿಚ್ಚರ ಫೋನು ಬೇಡಿ ಅಪ್ಪನಿಗೆ ಹಚ್ಚಿದಳು. ಎಲ್ಲರಿಗೂ ಕೇಳಲಿ ಎಂದು ಭವಿತ್ ಸ್ಪೀಕರಿಗೆ ಹಾಕಿದ. ಆ ಕಡೆ ಯಾವುದೋ ಮನೆಯ ಅಡುಗೆಯ ಚಪ್ಪರ: ಎಣ್ಣೆ ಕಾಯುವ ಸದ್ದು, ಯಾರೋ ತೆಂಗಿನಕಾಯಿ ಒಡೆಯುವ ಸದ್ದು.

"ಎಷ್ಟು ಬಂತು?" ಕೇಶವಪ್ರಸಾದರು ಕೇಳಿದರು.

"ಎ ಬಂತು ಅಪ್ಪ."

"ಎ ಪ್ಲಸ್ ಅಲ್ಲ?"

"ಎ ಅಂತಲೇ ಅಲ್ವಾ ನೀವು ಹೇಳಿದ್ದು? ಮಾತು ಅಂದ್ರೆ ಮಾತು."

ಹಿಂದಿನ ಸೀಟು ಉಸಿರು ಬಿಗಿಹಿಡಿದಿತ್ತು. ಹಸೈನಾರಿಚ್ಚ ಕೂಡ ಸೀಟಿಯನ್ನು ತುಟಿಗಿಟ್ಟು ಊದದೆ ನಿಂತಿದ್ದರು.

"ಸರಿ," ಎಂದರು ಕೇಶವಪ್ರಸಾದರು. "ಹಾಗಾದ್ರೆ ಆ ವ್ಯಾನಿನವನಿಗೆ ಬೇಡ ಅಂತ ಹೇಳ್ತೇನೆ. ಬಸ್ಸಿನಲ್ಲೇ ಬಾ."

ಕೂಗು ಎದ್ದಿತು. ಡ್ರೈವರು ಬೆದರಿ ಹಿಂದೆ ತಿರುಗಿ ನೋಡಿದ. ರಂಶೀನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಬೆರಳುಗಳ ಸಂದಿಯಿಂದ ಅವಳ ನಗು ಸೋರುತ್ತಿತ್ತು.

"ಹಲೋ? ಎಂತ ಅದು ಗಲಾಟೆ? ಅಲ್ಲ ಮಗಳೇ, ಕನ್ನಡ ಬಾರದ ಮಾಷ್ ಇಟ್ಕೊಂಡು ನಿಂಗೆ ಎ ಹೇಗೆ ಬಂತು? ಗಣಿತ ಯಾರು ಹೇಳಿಕೊಡುದು?"

"ರಂಶೀನಾ ಹೇಳಿಕೊಡುದು."

"ಓ. ಹಾಗಾದ್ರೆ ಅವಳಿಗೆ ಎ ಪ್ಲಸ್ ಬಂದಿರ್ಬೇಕು."

"ಇಲ್ಲ ಅಪ್ಪ," ದೀಪ್ತಿ ಹೇಳಿದಳು. "ಅವಳಿಗೆ ನಮಗೆಲ್ಲರಿಗಿಂತ ಕಡಿಮೆ."

"ಹ್ಞಾಂ? ಅದು ಹೇಗೆ?"

ಹಿಂದಿನ ಸೀಟಿನಲ್ಲಿ ನಗು ಒಡೆಯಿತು. ಭವಿತ್ ಮತ್ತೆ ಸೀಟಿನಿಂದ ಕೆಳಗೆ ಜಾರಿದ್ದ, ದೀಪ್ತಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಬಿ ಪ್ಲಸ್‌ನ ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ಮುಂದಿನ ಸೀಟಿನ ಕಂಬಿಗೆ ತಲೆ ಕೊಟ್ಟಿದ್ದಳು. ಫೋನಿನೊಳಗೆ ಕೇಶವಪ್ರಸಾದರು, ಎಣ್ಣೆಯ ಸದ್ದಿಗಿಂತ ಮೇಲಿನ ದನಿಯಲ್ಲಿ, "ಅದು ಹೇಗೆ ಅಂತ ಕೇಳಿದ್ದು ನಾನು," ಎನ್ನುತ್ತಲೇ ಇದ್ದರು.